ಬೆಲ್ಟ್ ತಾನಾಗಿ ಕಟ್ ಆಗುವುದಿಲ್ಲ

ತಪ್ಪು ಮಾಡಿದವರಿಗೆ ಅಡಗಿಕೊಳ್ಳಲು ನಮ್ಮ ಆಡುಮಾತಿನಲ್ಲಿ ಒಳ್ಳೆಯ ಜಾಗವೊಂದಿದೆ. ಅದು ‘ಆಯ್ತು’ ಎಂಬ ಕ್ರಿಯಾಪದ. ಲೋಟ ಒಡೆದುಹೋಯ್ತು, ಅರ್ಜಿ ಮಿಸ್ ಆಯ್ತು, ಬೆಲ್ಟ್ ಕಟ್ ಆಯ್ತು. ಒಡೆದವರು, ಕಳೆದವರು, ಸರಿಯಾಗಿ ಕೂರಿಸದವರು ಯಾರೂ ಈ ವಾಕ್ಯಗಳಲ್ಲಿ ಇಲ್ಲ. ರಿಪೇರಿ ಮುಗಿಸಿಕೊಂಡು ಬಂದ ಗಾಡಿ ಮೂರೇ ವಾರಕ್ಕೆ ಅದೇ ಜಾಗದಲ್ಲಿ ಕೆಟ್ಟು ನಿಂತರೂ ಗ್ಯಾರೇಜಿನಲ್ಲಿ ಕೇಳುವುದು ಇದೇ ಮಾತು. ಅದನ್ನು ನಾವು ಒಪ್ಪಿಕೊಳ್ಳುತ್ತಿರುವುದು ಏಕೆ ಎಂಬುದು ನನ್ನ ತಕರಾರು.

ಕಳೆದ ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುವಾಗ ನಮ್ಮ ಮನೆಯ ಹಳೆಯ ಡೀಸೆಲ್ ಕಾರಿನ ಎಂಜಿನ್ ಒಮ್ಮೆಲೇ ನಿಂತಿತು. ಅಪ್ಪ ಓಡಿಸುತ್ತಿದ್ದರು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿಯಾಗಿ ಪೆಡಲೂ ಗಟ್ಟಿಯಾಗುತ್ತದೆ. ಅಪ್ಪ ಹೇಗೋ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದರು. ಇಪ್ಪತ್ತೆರಡು ದಿನಗಳ ಹಿಂದಷ್ಟೇ ಒಂದು ಗ್ಯಾರೇಜಿನವರು ಆ ಕಾರಿನ ವಾಟರ್ ಪಂಪ್ ಬದಲಾಯಿಸಿದ್ದರು. ಸುಳ್ಯಕ್ಕೆ ಎಳೆಸಿಕೊಂಡು ಹೋದ ಮೇಲೆ ಬೇರೊಬ್ಬ ಮೆಕ್ಯಾನಿಕ್ ಬಿಚ್ಚಿ ತೋರಿಸಿದರು: ಪಂಪ್ ಹೊಸದು, ಟೈಮಿಂಗ್ ಬೆಲ್ಟ್ ಹಳೆಯದು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಹಳೆಯದು. ಟೆನ್ಷನರಿನ ಬೇರಿಂಗ್ ತಿರುಗದೆ ಕಚ್ಚಿಕೊಂಡಿತ್ತು. ಮೊದಲ ಗ್ಯಾರೇಜಿಗೆ ಫೋನ್ ಮಾಡಿದಾಗ ಬಂದ ಉತ್ತರ: ‘ಬೆಲ್ಟ್ ಕಟ್ ಆದ್ರೆ ನಾವೇನ್ ಮಾಡೋದು ಸಾರ್, ರಬ್ಬರ್ ಅಲ್ವಾ?’

ರಬ್ಬರ್ ನಿಜ. ಆದರೆ ಅದು ಸುಮ್ಮನೆ ಹರಿಯುವ ರಬ್ಬರ್ ಅಲ್ಲ. ಕಾರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬೆಲ್ಟುಗಳನ್ನು ಕಾಣುತ್ತೇವೆ. ಹೊರಗಡೆ ಕಾಣುವುದು ಹಳಬರು ಫ್ಯಾನ್ ಬೆಲ್ಟ್ ಎನ್ನುವ ಬೆಲ್ಟು. ಅದು ಆಲ್ಟರ್ನೇಟರ್, ಎಸಿ ಕಂಪ್ರೆಸರುಗಳನ್ನು ತಿರುಗಿಸುತ್ತದೆ. ಅದು ಕಡಿದರೆ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ವಾಟರ್ ಪಂಪನ್ನೂ ಅದೇ ತಿರುಗಿಸುತ್ತಿದ್ದರೆ ಎಂಜಿನ್ ಕುದಿಯತೊಡಗುತ್ತದೆ. ಇನ್ನೊಂದು, ಮುಚ್ಚಳದ ಒಳಗಿರುವ ಹಲ್ಲುಗಳುಳ್ಳ ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗಬೇಕು, ಆ ಲೆಕ್ಕವನ್ನು ಕಾಯುವುದು ಈ ಬೆಲ್ಟು. ಕೆಲವು ಎಂಜಿನ್ನುಗಳಲ್ಲಿ ಇದರ ಬದಲು ಚೈನ್ ಇರುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವು ಮತ್ತು ಪಿಸ್ಟನ್ ಒಂದೇ ಜಾಗವನ್ನು ಬೇರೆ ಬೇರೆ ಕ್ಷಣಗಳಲ್ಲಿ ಬಳಸುತ್ತವೆ. ಲೆಕ್ಕ ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ನಮ್ಮ ಕಾರಿನಲ್ಲಿ ಆದದ್ದೂ ಅದೇ. ವಾಲ್ವುಗಳು ಬಾಗಿ, ಹೆಡ್ ಬಿಚ್ಚಿ, ಪಂಪಿಗೆ ಕೊಟ್ಟದ್ದರ ಹಲವು ಪಟ್ಟು ಖರ್ಚು.

ರಿಪೇರಿಯಾದ ಸ್ವಲ್ಪ ದಿನಕ್ಕೇ ಬೆಲ್ಟ್ ಹೋದರೆ ಅದಕ್ಕೆ ಕಾರಣಗಳು ಎಣಿಸುವಷ್ಟೇ ಇವೆ. ಬಿಗಿ ಹೆಚ್ಚಾಗಿರುತ್ತದೆ ಅಥವಾ ಕಡಿಮೆಯಾಗಿರುತ್ತದೆ. ಪುಲ್ಲಿಗಳು ಒಂದೇ ನೇರಕ್ಕೆ ಕೂತಿರುವುದಿಲ್ಲ. ಸೋರುವ ಸೀಲಿನಿಂದ ಆಯಿಲ್ ಅಥವಾ ಕೂಲೆಂಟ್ ರಬ್ಬರಿನ ಮೇಲೆ ಬಿದ್ದಿರುತ್ತದೆ. ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿರುತ್ತಾರೆ. ಸ್ಪೇರು ನಕಲಿಯಾಗಿರುತ್ತದೆ. ಅಥವಾ ನಮಗಾದಂತೆ, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಹಳೆಯ ಬೇರಿಂಗನ್ನು ಹಾಗೇ ಬಿಟ್ಟಿರುತ್ತಾರೆ. ಪ್ರತಿಯೊಂದರ ಹಿಂದೆಯೂ ಒಂದು ಕೈ, ಒಂದು ನಿರ್ಧಾರ ಇದೆ. ‘ಆಯ್ತು’ ಎನ್ನುವ ಮಾತು ಆ ಕೈಯನ್ನು ಅಳಿಸಿಬಿಡುತ್ತದೆ.

ಇಲ್ಲಿಗೆ ಬಂದಾಗ ಓದಿದವರಾದ ನಾವು ಮಾಡುವುದು ಎರಡರಲ್ಲಿ ಒಂದನ್ನು. ‘ಮೆಕ್ಯಾನಿಕ್‌ಗಳೆಲ್ಲ ಕಳ್ಳರು’ ಎಂದು ಬೈಯುತ್ತೇವೆ, ಇಲ್ಲವೇ ‘ಪಾಪ, ಕಷ್ಟಪಟ್ಟು ದುಡಿಯುವವರು’ ಎಂದು ಬಿಟ್ಟುಬಿಡುತ್ತೇವೆ. ಎರಡರಲ್ಲೂ ಅವರನ್ನು ಜವಾಬ್ದಾರಿಯುಳ್ಳ ಕಸುಬುದಾರರೆಂದು ನಾವು ಕಾಣುತ್ತಿಲ್ಲ. ಡಾಕ್ಟರು ಏನು ಕೊಟ್ಟರು ಎಂದು ಚೀಟಿ ಕೇಳುತ್ತೇವೆ, ಗ್ಯಾರೇಜಿನಲ್ಲಿ ಮಾತ್ರ ‘ಎಷ್ಟಾಯ್ತು?’ ಎಂದಷ್ಟೇ ಕೇಳುತ್ತೇವೆ. ಆಯುಧಪೂಜೆಯ ದಿನ ಸ್ಪ್ಯಾನರಿಗೂ ಕುಂಕುಮ ಹಚ್ಚುವ ನಾಡಿದು. ಕೊಡಗಿನಲ್ಲಂತೂ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲೂ ಆಯುಧಗಳಿಗೆ ಪೂಜೆಯಿದೆ. ಆದರೆ ಆ ಸ್ಪ್ಯಾನರ್ ಹಿಡಿದವರು ಏನನ್ನು ಬಿಚ್ಚಿದರು, ಏನನ್ನು ವಾಪಸ್ ಹಾಕಿದರು ಎಂಬ ಒಂದು ಸಾಲಿನ ಬರಹ ಯಾರ ಬಳಿಯೂ ಇಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಕೆಟ್ಟ ರಿಪೇರಿ ಎಂದರೆ ರಾಬರ್ಟ್ ಪಿರ್ಸಿಗ್ ನೆನಪಾಗಬಹುದು. 1974ರಲ್ಲಿ ಬಂದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಕೃತಿಯಲ್ಲಿ ನಿರೂಪಕನ ಬೈಕನ್ನು ಗ್ಯಾರೇಜಿನ ಹುಡುಗರು ಹಾಳುಮಾಡುತ್ತಾರೆ. ನಿಜವಾದ ದೋಷ ಇದ್ದದ್ದು ಕೆಲವೇ ಸೆಂಟುಗಳ ಒಂದು ಸಣ್ಣ ಪಿನ್ನಿನಲ್ಲಿ. ಆ ಹುಡುಗರು ತಮ್ಮ ಕೆಲಸಕ್ಕೇ ಪ್ರೇಕ್ಷಕರಂತಿದ್ದರು, ಅವರಿಗೆ ಅಕ್ಕರೆ ಇರಲಿಲ್ಲ ಎಂಬುದು ಅವನ ನಿದಾನ. ಓದಲು ಸೊಗಸಾಗಿದೆ. ಆದರೆ ನಮ್ಮೂರಿನ ಗ್ಯಾರೇಜಿಗೆ ಇದನ್ನು ಎತ್ತಿ ತಂದು ಹಾಕುವವರ ಜೊತೆ ನನಗೆ ಜಗಳವಿದೆ. ಬೆಲ್ಟಿನ ಬಿಗಿ ಎಷ್ಟಿರಬೇಕು, ಬೋಲ್ಟನ್ನು ಎಷ್ಟು ಬಲದಲ್ಲಿ ತಿರುಗಿಸಬೇಕು, ಟೆನ್ಷನರಿನ ಗುರುತು ಎಲ್ಲಿಗೆ ಬರಬೇಕು, ಇವು ಅಕ್ಕರೆಯಿಂದ ತಿಳಿಯುವ ಸಂಗತಿಗಳಲ್ಲ. ಇವು ಕಂಪನಿಯ ಸರ್ವಿಸ್ ಕೈಪಿಡಿಯಲ್ಲಿ ಇರುವ ಅಂಕಿಗಳು. ಆ ಕೈಪಿಡಿ ನಮ್ಮ ಮೆಕ್ಯಾನಿಕ್ಕಿನ ಕೈಯಲ್ಲಿ ಇಲ್ಲ.

ಇಲ್ಲದಿರುವುದು ಆಕಸ್ಮಿಕವೂ ಅಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ, ದೋಷಪತ್ತೆಯ ಸಲಕರಣೆ ಮತ್ತು ರಿಪೇರಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಪೈಪೋಟಿಯನ್ನು ತಡೆದಿದ್ದಾರೆ ಎಂಬುದು ಆಯೋಗದ ನಿರ್ಣಯ. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿತು. ಅದೇ ಡಿಸೆಂಬರ್ 24ರಂದು ಜಾಲತಾಣವೊಂದು ಬಂತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಇದರಿಂದ ಸಂಪಾಜೆಯ ಅಥವಾ ಗೋಣಿಕೊಪ್ಪದ ಒಂದು ಗ್ಯಾರೇಜಿನ ಗೋಡೆಗೆ ಕನ್ನಡದ ಒಂದು ಹಾಳೆ ಅಂಟಿದ್ದನ್ನು ನಾನಂತೂ ನೋಡಿಲ್ಲ.

ಕೊಡಗಿನಲ್ಲಿ ಇದು ಬರೀ ದುಡ್ಡಿನ ಪ್ರಶ್ನೆಯಲ್ಲ. ಈ ಜಿಲ್ಲೆಗೆ ರೈಲು ಇಲ್ಲ. ಮಂಗಳೂರಿಗೆ ಹೋಗಲು ಸಂಪಾಜೆ ಘಾಟಿ, ಕಣ್ಣೂರಿನ ಕಡೆಗೆ ಮಾಕುಟ್ಟ, ಎರಡೂ ತಿರುವು, ಇಳಿಜಾರು, ಮಂಜು, ಮಳೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದಾಗ ರಸ್ತೆಯೊಂದು ಮುಚ್ಚಿದರೆ ಊರು ಹೇಗೆ ಒಂಟಿಯಾಗುತ್ತದೆ ಎಂದು ಎಲ್ಲರೂ ಕಂಡಿದ್ದಾರೆ. ತೋಟದ ಜೀಪಿನಲ್ಲಿ ಕೂಲಿಯವರು, ಬಾಡಿಗೆ ಆಟೋದಲ್ಲಿ ಗರ್ಭಿಣಿಯರು, ಪಿಕಪ್‌ನಲ್ಲಿ ಕಾಫಿ ಮೂಟೆಗಳು ಓಡಾಡುವುದು ಇಂಥ ರಸ್ತೆಗಳಲ್ಲಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕೆಟ್ಟ ಗಾಡಿಯನ್ನು ಅಷ್ಟು ದೂರದ ಅಧಿಕೃತ ಸರ್ವಿಸ್ ಸೆಂಟರಿಗೆ ಎಳೆಸಬಲ್ಲವರು ಎಷ್ಟು ಮಂದಿ? ಹಾಗಾಗಿ ‘ಕಂಪನಿಯಲ್ಲೇ ಮಾಡಿಸಿ’ ಎನ್ನುವ ಸಲಹೆ ಇಲ್ಲಿ ಬಿಟ್ಟಿ ಉಪದೇಶ. ಇಲ್ಲಿನ ಬದುಕು ನಡೆಯುವುದು ರಸ್ತೆ ಬದಿಯ ಗ್ಯಾರೇಜಿನ ಬಲದಿಂದ. ಅದು ಚೆನ್ನಾಗಿರಬೇಕೆಂದು ಒತ್ತಾಯಿಸುವುದು ಅದಕ್ಕೆ ಕೊಡುವ ಗೌರವ.

ಹಾಗಾದರೆ ಏನು ಬೇಕು? ಮೊದಲನೆಯದು, ಬರಹದಲ್ಲಿ ಬಿಲ್ಲು. ಬದಲಿಸಿದ ಭಾಗ, ಹಳೆಯದನ್ನೇ ಹಾಕಿದ ಭಾಗ, ಎಂಜಿನ್ ಆಗ ಓಡಿದ್ದ ಕಿಲೋಮೀಟರು, ಕೆಲಸ ಮಾಡಿದವರ ಸಹಿ. ಕಳಚಿದ ಹಳೆಯ ಭಾಗ ಗಿರಾಕಿಯ ಕೈಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ನ್ಯೂನತೆಗೆ ಪರಿಹಾರವಿದೆ, ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಿಲ್ಲೇ ಇಲ್ಲದವರು ಅಲ್ಲಿ ಏನನ್ನು ತೋರಿಸಬೇಕು? ‘ಸಣ್ಣ ಗ್ಯಾರೇಜಿನವರಿಗೆ ಇದೆಲ್ಲ ಹೊರೆ’ ಎನ್ನುವವರಿದ್ದಾರೆ. ನಾಲ್ಕು ಸಾಲು ಬರೆಯುವುದು ಹೊರೆಯಲ್ಲ. ಅದು ಮೆಕ್ಯಾನಿಕ್ಕಿಗೂ ರಕ್ಷಣೆ. ‘ಟೆನ್ಷನರ್ ಹಳೆಯದಾಗಿದೆ, ಬದಲಿಸಿ ಎಂದೆವು, ಗಿರಾಕಿ ಬೇಡವೆಂದರು’ ಎಂದು ಬರೆದಿಟ್ಟರೆ ನಾಳೆ ಅವರ ಮೇಲೆ ಸುಳ್ಳು ಆರೋಪ ಬರುವುದಿಲ್ಲ.

ಎರಡನೆಯದು ನಮ್ಮ ಪಾಲಿನದು. ಕುಂಬಾರಿಕೆ, ನೇಯ್ಗೆ, ಬೇಸಾಯದ ವೃತ್ತಿಪದಗಳನ್ನು ಕನ್ನಡ ವಿದ್ವಾಂಸರು ಶ್ರದ್ಧೆಯಿಂದ ಕೂಡಿಹಾಕಿದ್ದಾರೆ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು. ಆದರೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕನ್ನಡ ಎಲ್ಲವೂ ಬೆರೆತು ಎಂಜಿನ್ನಿನ ಸದ್ದನ್ನೇ ಕೇಳಿ ರೋಗ ಹೇಳುವ ಇವತ್ತಿನ ಗ್ಯಾರೇಜು ನಮ್ಮ ಸಂಶೋಧನೆಗೆ ವಿಷಯವೇ ಅಲ್ಲ. ಕಸುಬು ಸಾಯುವ ಹಂತಕ್ಕೆ ಬಂದ ಮೇಲಷ್ಟೇ ಅದು ನಮಗೆ ಪ್ರಬಂಧಕ್ಕೆ ಯೋಗ್ಯ ಎನಿಸುವುದಾದರೆ ನಮ್ಮ ವಿದ್ವತ್ತಿನಲ್ಲೇ ಏನೋ ಐಬಿದೆ. ಬೆಲ್ಟ್ ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಸ್ಪಷ್ಟವಾಗಿ ಬರೆಯಲು ಬರದಿದ್ದರೆ, ಭಾಷೆ ಉಳಿಸುವ ನಮ್ಮ ಭಾಷಣಗಳನ್ನು ಗ್ಯಾರೇಜಿನ ಹುಡುಗ ಏಕೆ ಕೇಳಬೇಕು?

ಕಂಪನಿ ಅಂಕಿ ಬಚ್ಚಿಟ್ಟಿತು, ಗ್ಯಾರೇಜು ಹಳೆಯ ಬೇರಿಂಗ್ ಬಚ್ಚಿಟ್ಟಿತು, ಸರ್ಕಾರ ಹಕ್ಕನ್ನು ಜಾಲತಾಣದಲ್ಲಿ ಇಟ್ಟು ಸುಮ್ಮನಾಯಿತು. ಇಷ್ಟು ಕರ್ತೃಗಳಿರುವಾಗ ‘ಬೆಲ್ಟ್ ಕಟ್ ಆಯ್ತು’ ಎನ್ನುವುದು ಅಪೂರ್ಣ ವಾಕ್ಯ. ಮುಂದಿನ ಸಲ ಯಾರಾದರೂ ಹಾಗೆಂದರೆ ಬೈಯಬೇಡಿ, ನಕ್ಕು ಸುಮ್ಮನಾಗಲೂ ಬೇಡಿ. ‘ಏನು ಬಿಚ್ಚಿದ್ದಿರಿ, ಯಾವುದನ್ನು ಹಳೆಯದೇ ಹಾಕಿದಿರಿ, ಬರೆದುಕೊಡಿ’ ಎಂದು ಕೇಳಿ.