ಹುರಿದ ಮೇಲೆ ಏನಾಗುತ್ತದೆ?

ಕಾಂದಿವಲಿ ಸ್ಟೇಶನ್ನಿನಿಂದ ಹೊರಬಿದ್ದು ಎಸ್.ವಿ. ರೋಡಿನತ್ತ ನಡೆದರೆ ಶೇಂಗಾ-ಚಣಾ ಬುಟ್ಟಿಗಳು ಕಣ್ಣಿಗೆ ಬೀಳುತ್ತವೆ. ರಾಶಿಯ ಮೇಲೊಂದು ಕೆಂಡದ ಪುಟ್ಟ ಮಡಕೆ, ಪಕ್ಕದಲ್ಲಿ ಹಳೆ ಪತ್ರಿಕೆಯ ಪೊಟ್ಟಣಗಳು. ಹೋಟೆಲು ಕೆಲಸ ಮುಗಿಸಿ ರಾತ್ರಿ ಲೋಕಲ್ ಹಿಡಿಯುವ ಮೊದಲು ಇದನ್ನು ತಿಂದೇ ಬೆಳೆದವರು ನಮ್ಮಲ್ಲಿ ಅನೇಕರು. ಬೀದಿ ವ್ಯಾಪಾರಿಗಳನ್ನು ದೂರಲೆಂದು ನಾವು ಇದನ್ನು ಬರೆಯುತ್ತಿಲ್ಲ.

ಹುರಿದದ್ದರಲ್ಲಿ ಕ್ರಿಮಿ ಎಲ್ಲಿಂದ ಬಂತು ಎಂದು ಸದಸ್ಯ ಬಂಧುಗಳು ಕೇಳುವುದುಂಟು. ಕಾದ ಮರಳಿನಲ್ಲೋ ಉಪ್ಪಿನಲ್ಲೋ ಚೆನ್ನಾಗಿ ಹುರಿದಾಗ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ, ನಿಜ. ತೊಂದರೆ ಶುರುವಾಗುವುದು ಅನಂತರ. ದುಡ್ಡು ಎಣಿಸಿದ ಕೈಯೇ ಶೇಂಗಾ ಅಳೆಯುತ್ತದೆ. ಮೂಗು, ಗಾಯ ಮುಟ್ಟಿದ ಕೈಯಿಂದ ಸ್ಟೆಫಿಲೊಕಾಕಸ್, ಶೌಚದ ನಂತರ ಸಾಬೂನು ಕಾಣದ ಕೈಯಿಂದ ಇ. ಕೊಲೈ. ಒಣಗಿದ ಕಾಳಿನಲ್ಲಿ ಇವು ಬೆಳೆಯಲಾರವು. ಆದರೆ ಸಾಲ್ಮೊನೆಲ್ಲಾದಂಥದ್ದು ಸಾಯದೆ ತಿಂಗಳುಗಟ್ಟಲೆ ಕಾದಿರುತ್ತದೆ, ಶೇಂಗಾದ ಎಣ್ಣೆಯಂಶವೇ ಅದನ್ನು ಹೊಟ್ಟೆಯ ಆಮ್ಲದಿಂದ ಕಾಪಾಡುತ್ತದೆ. ಇನ್ನು ಈರುಳ್ಳಿ, ಟೊಮೆಟೊ ಬೆರೆಸಿ ಮಸಾಲಾ ಶೇಂಗಾ ಮಾಡಿಟ್ಟರೆ ಅದಕ್ಕೆ ನೀರೂ ಸಿಕ್ಕಿತು. ಮುಂಬಯಿ ಸೆಕೆಯಲ್ಲಿ ಹೆಚ್ಚು ಹೊತ್ತು ಬೇಡ. ಬೇಯಿಸಿದ ಶೇಂಗಾದ್ದೂ ಇದೇ ಕಥೆ.

ದೊಡ್ಡ ಕಾರ್ಖಾನೆಯೂ ಇದಕ್ಕೆ ಹೊರತಲ್ಲ. 2008-09ರಲ್ಲಿ ಅಮೆರಿಕದ ಪೀನಟ್ ಕಾರ್ಪೊರೇಶನ್ ಆಫ್ ಅಮೆರಿಕಾ ಕಂಪನಿಯ ಶೇಂಗಾ ಸರಕಿನಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 9 ಮಂದಿ ಸತ್ತರು. ಕಂಪನಿಯ ಮುಖ್ಯಸ್ಥನಿಗೆ 2015ರಲ್ಲಿ 28 ವರ್ಷ ಜೈಲಾಯಿತು. ಅವರದೂ ಹುರಿದ ಶೇಂಗಾವೇ.

ಈಗ ನಮ್ಮ ಅಡುಗೆಮನೆಗೆ ಬರೋಣ. ಹುರಿದ ಶೇಂಗಾವನ್ನು ಸಡಿಲವಾಗಿ ತರಿಸಿ, ಮತ್ತೆ ಬೆಂಕಿ ತೋರಿಸದೆ ಚಟ್ನಿಗೆ, ಕೋಸಂಬರಿಗೆ ಹಾಕುವವರು ನಾವೇ ತಾನೇ? ಒಂದು ಮಳೆಗಾಲ ನಾಮಕರಣದ ಆರ್ಡರಿನಲ್ಲಿ ಮಸಾಲಾ ಶೇಂಗಾ ಮುಗಿಯಿತು. ಹುಡುಗನನ್ನು ಓಡಿಸಿ ಬೀದಿಯಿಂದ ಎರಡು ಕಿಲೋ ತರಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಪಾರ್ಟಿಯವರ ಮನೆಯ ಅಜ್ಜಿಯೊಬ್ಬರು "ಇದನ್ನು ಯಾರು ಮಾಡಿದ್ದು?" ಎಂದು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಆ ದಿನದಿಂದ ಹೊರಗಿನ ಶೇಂಗಾವನ್ನು ಬಾಣಲೆಗೆ ಹಾಕದೆ ಬಡಿಸುವುದಿಲ್ಲ, ಹುರಿದ ಮೇಲೆ ಬರಿಗೈ ತಾಗಿಸುವುದಿಲ್ಲ. ಗ್ಯಾಸು ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ.

ಗಾಡಿಯವರನ್ನು ಎಬ್ಬಿಸಿ ಓಡಿಸಬೇಕೆಂಬ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಓಡಿಸಿದರೆ ಬುಟ್ಟಿ ಪಕ್ಕದ ಗಲ್ಲಿಗೆ ಹೋಗುತ್ತದೆ, ಕೈ ಅದೇ ಇರುತ್ತದೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿತ್ತು, 2018ರ ನಿಯಮದಲ್ಲಿ ನಿಷೇಧಿಸಿತು. (ನಮ್ಮಲ್ಲೇ ಕೆಲವರ ಕೌಂಟರಿನಲ್ಲಿ ಬಜ್ಜಿಯ ಎಣ್ಣೆ ಹೀರಲು ಇನ್ನೂ ಪತ್ರಿಕೆಯೇ!) ಸ್ಟೇಶನ್ ಬಳಿಯ ವ್ಯಾಪಾರಿಗಳಿಗೆ ಉದ್ದ ಹಿಡಿಯ ಸ್ಟೀಲು ಚಮಚ, ಮುಚ್ಚಳದ ಡಬ್ಬ, ಅಚ್ಚಿಲ್ಲದ ಕಾಗದದ ಪೊಟ್ಟಣ ನಮ್ಮ ಸಂಘವೇ ಕೊಡಲಿ ಎಂಬುದು ನಮ್ಮ ಸಲಹೆ. ಖರ್ಚು ಯಾರದು ಎಂದು ಮುಂದಿನ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ವಾರ್ಷಿಕೋತ್ಸವದ ಊಟದಲ್ಲಿ ಒಂದು ಸಿಹಿ ಕಡಿಮೆ ಮಾಡೋಣ.