ಹದಿನೈದು ದಿನದ ನೋಟಿಸು, ಮೂವತ್ತು ವರ್ಷದ ಅಂಗಡಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಪೇಟೆಬೀದಿಗಳಲ್ಲಿ ಮೆಸ್ಸು, ದರ್ಜಿ ಅಂಗಡಿ, ಮೋಟಾರು ರೀವೈಂಡಿಂಗ್, ಬೀಜ-ಗೊಬ್ಬರದ ಮಳಿಗೆಗಳಂತಹ ಎಷ್ಟೋ ಸಣ್ಣ ಉದ್ಯೋಗಗಳು, ಕಟ್ಟಡ ಒಬ್ಬರದು ವ್ಯಾಪಾರ ಇನ್ನೊಬ್ಬರದು ಎಂಬ ಏರ್ಪಾಟಿನ ಮೇಲೆ ನಡೆಯುತ್ತಿವೆ. ಇಂತಹ ಮಳಿಗೆ ಇರುವ ನಿವೇಶನದ ಬೆಲೆ ಏರಿದಾಗ ಆ ಏರಿಕೆಯೆಲ್ಲವೂ ಮಾಲೀಕರಿಗೆ ಸೇರುತ್ತದೆ. ಆ ಜಾಗಕ್ಕೆ ಗಿರಾಕಿ ಬರುವಂತೆ ಮಾಡಿದ ಬಾಡಿಗೆದಾರನ ದುಡಿಮೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದು, ಭದ್ರಾ ಮೇಲ್ದಂಡೆ ಯೋಜನೆಯ ನೀರಿನ ನಿರೀಕ್ಷೆ ಬಲಗೊಂಡು, ತುಮಕೂರು-ದಾವಣಗೆರೆ ರೈಲುಮಾರ್ಗದ ಕಾಮಗಾರಿ ಆರಂಭವಾಗಿರುವ ಈ ಕಾಲದಲ್ಲಿ, ಬಾಡಿಗೆ ಮಳಿಗೆಗಳ ತೆರವಿನ ಪ್ರಶ್ನೆಯನ್ನು ಖಾಸಗಿ ಜಗಳವೆಂದು ಬದಿಗಿಡುವುದು ಸರಿಯಲ್ಲ.

ಮಳಿಗೆಯ ಬಾಡಿಗೆ ಸಂಬಂಧವನ್ನು ಮೂಲತಃ ಆಳುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ವ್ಯಾಪಾರದ ಬಾಡಿಗೆಯು ತಿಂಗಳಿಂದ ತಿಂಗಳಿಗೆ ಸಾಗುವ ಗೇಣಿಯೆಂದು ಎಣಿಕೆಯಾಗುತ್ತದೆ ಮತ್ತು ಎರಡೂ ಕಡೆಯವರಲ್ಲಿ ಯಾರೇ ಆಗಲಿ 15 ದಿನದ ನೋಟಿಸು ಕೊಟ್ಟು ಅದನ್ನು ಮುಗಿಸಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿಯನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು ಅದೇ ಕಾಯ್ದೆಯ 107ನೇ ಕಲಮು ಮತ್ತು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ಆ ಖರ್ಚನ್ನು ತಪ್ಪಿಸಲು 11 ತಿಂಗಳ ಕರಾರು ಪತ್ರ ಬರೆಯುವ ರೂಢಿ ಬೆಳೆದಿದೆ. ಮೊದಲ ಪತ್ರದ ಅವಧಿ ಮುಗಿದ ಮೇಲೆ ಹೊಸ ಪತ್ರ ಬರೆಯದೆ ಬಾಯಿಮಾತಿನಲ್ಲೇ ಬಾಡಿಗೆ ಏರಿಸಿಕೊಂಡು ಹೋಗುವುದೂ ಇದೆ. ಅಂತಹ ಅಂಗಡಿ ಮೂವತ್ತು ವರ್ಷ ಅದೇ ಬಾಗಿಲಲ್ಲಿ ನಿಂತಿದ್ದರೂ ಕಾನೂನಿನ ಕಣ್ಣಿಗೆ ಅದು ಕಳೆದ ತಿಂಗಳು ಬಂದ ಬಾಡಿಗೆದಾರನಷ್ಟೇ ಹಕ್ಕುಳ್ಳದ್ದು. ಹಿಂದೆ ನೋಟಿಸಿನ ದಿನದ ಲೆಕ್ಕ ಸ್ವಲ್ಪ ತಪ್ಪಿದರೂ ದಾವೆ ಬಿದ್ದುಹೋಗುತ್ತಿತ್ತು; 2002ರ ತಿದ್ದುಪಡಿಯ ನಂತರ ಆ ಸಣ್ಣ ಆಸರೆಯೂ ಬಹುಮಟ್ಟಿಗೆ ಇಲ್ಲವಾಗಿದೆ. ತಯಾರಿಕೆಯ ಉದ್ದೇಶದ ಗೇಣಿಗೆ ಆರು ತಿಂಗಳ ನೋಟಿಸು ಬೇಕೆಂದು 106ನೇ ಕಲಮು ಹೇಳುತ್ತದೆ ನಿಜ, ಆದರೆ ಪತ್ರ ನೋಂದಣಿಯಾಗಿಲ್ಲದಿದ್ದರೆ ಆ ರಕ್ಷಣೆ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2001ರಲ್ಲೇ ತೀರ್ಮಾನಿಸಿರುವುದರಿಂದ, ಎಣ್ಣೆ ಗಾಣ ನಡೆಸುವವರಿಗೂ ಅದು ಹೆಸರಿಗಷ್ಟೇ ಉಳಿದಿದೆ.

ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನದಿಂದ ಜಾರಿಯಲ್ಲಿದೆ. ಆದರೆ ವ್ಯಾಪಾರದ ಕಟ್ಟಡಗಳ ಪೈಕಿ 14 ಚದರ ಮೀಟರು ಮೀರದ ಮಳಿಗೆಗೆ ಮಾತ್ರ ಅದು ಅನ್ವಯಿಸುತ್ತದೆ. 14 ಚದರ ಮೀಟರು ಎಂದರೆ ಸುಮಾರು 150 ಚದರ ಅಡಿ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಅಂಗಡಿ ಕಾಯ್ದೆಯೊಳಗೆ ಬಂದರೆ, ಅದರ ಪಕ್ಕದಲ್ಲಿ ಎರಡಡಿ ಹೆಚ್ಚು ಅಗಲವಿರುವ ಅಂಗಡಿ ಹೊರಗುಳಿಯುತ್ತದೆ. ಇದರ ಮೇಲೆ ಬಾಡಿಗೆಯ ಮಿತಿಯೂ ಉಂಟು: ಕಾಯ್ದೆಯ ಸೂತ್ರದಂತೆ ಲೆಕ್ಕ ಹಾಕಿದ ಬಾಡಿಗೆ ಅನುಸೂಚಿಯ ಮೊದಲ ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ್ದರೆ ಕಾಯ್ದೆಯ ನೆರಳು ಸಿಗದು. ಒಳಗೆ ಉಳಿದವರನ್ನು ಎಬ್ಬಿಸಬೇಕಾದರೆ ಬಾಡಿಗೆ ಬಾಕಿ, ಮಾಲೀಕರ ಪ್ರಾಮಾಣಿಕ ಸ್ವಂತ ಅಗತ್ಯ ಮುಂತಾಗಿ ಕಾಯ್ದೆ ಹೆಸರಿಸಿದ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕು. ಹೊರಗೆ ಉಳಿದವರ ವಿಷಯದಲ್ಲಿ ಕಾರಣವನ್ನೇ ಹೇಳಬೇಕಾಗಿಲ್ಲ. ನಾಲ್ಕು ಕುರ್ಚಿ ಹಾಕಲು ಜಾಗ ಬೇಕಾದ ಯಾವ ಮೆಸ್ಸೂ ಈ ಅಳತೆಯೊಳಗೆ ಹಿಡಿಸದು ಎಂಬುದನ್ನು ಶಾಸನ ರೂಪಿಸಿದವರು ಗಮನಿಸಬೇಕಿತ್ತು.

ಹಾಗೆಂದು ಮಾಲೀಕರೆಲ್ಲರೂ ಅನ್ಯಾಯ ಮಾಡುವವರೆಂದು ಬಗೆಯುವುದು ತಪ್ಪು. ಜಿಲ್ಲೆಯ ಸಣ್ಣ ಪೇಟೆಗಳಲ್ಲಿ ಎರಡು ಮಳಿಗೆಯ ಬಾಡಿಗೆಯಿಂದಲೇ ಜೀವನ ಸಾಗಿಸುವ ವೃದ್ಧರೂ ವಿಧವೆಯರೂ ಇದ್ದಾರೆ. ಹಳೆಯ ನಿಯಂತ್ರಣ ಕಾಯ್ದೆಗಳ ಕಾಲದಲ್ಲಿ ಬಾಡಿಗೆ ದಶಕಗಟ್ಟಲೆ ಹೆಪ್ಪುಗಟ್ಟಿ ಮಾಲೀಕರು ನಷ್ಟ ಅನುಭವಿಸಿದ್ದು ನಿಜವೇ ಆಗಿದ್ದು, ಮುಂಬೈ ಬಾಡಿಗೆ ಕಾಯ್ದೆಯ ವಿರುದ್ಧದ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಗೆಯ ನಿಯಂತ್ರಣವನ್ನು ಅಸಮಂಜಸವೆಂದು ಕರೆಯಿತು. 2004ರ ಕೊನೆಯಲ್ಲಿ ತೀರ್ಮಾನವಾದ ದೆಹಲಿಯ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದ ಮಳಿಗೆಯ ಬಾಡಿಗೆ ತಿಂಗಳಿಗೆ ಕೇವಲ 371 ರೂಪಾಯಿ 90 ಪೈಸೆ ಇತ್ತು. ತೆರವಿನ ಆದೇಶಕ್ಕೆ ತಡೆಯಾಜ್ಞೆ ಬೇಕಿದ್ದರೆ ಬಾಡಿಗೆದಾರ ತಿಂಗಳಿಗೆ 15,000 ರೂಪಾಯಿ ಠೇವಣಿ ಇಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೇಸು ಎಳೆದಾಡುತ್ತ ಹಳೇ ಬಾಡಿಗೆಯಲ್ಲೇ ಕೂರಬಹುದೆಂಬ ಭರವಸೆ ಆ ತೀರ್ಪಿನೊಂದಿಗೆ ಮುಗಿಯಿತು, ಅದು ಮುಗಿದದ್ದು ನ್ಯಾಯವೇ ಸರಿ. ಆದರೆ 1961ರ ಕಾಯ್ದೆಯಲ್ಲಿ ಉಳಿಸಿಕೊಳ್ಳಬೇಕಾದ ಒಂದು ಅಂಶವಿತ್ತು: ಸ್ವಂತ ಅಗತ್ಯದ ಕಾರಣಕ್ಕೆ ತೆರವು ಕೇಳಿದಾಗ, ತೆರವಾದರೆ ಬಾಡಿಗೆದಾರನಿಗೆ ಆಗುವ ಕಷ್ಟ ದೊಡ್ಡದೋ, ಆಗದಿದ್ದರೆ ಮಾಲೀಕರಿಗೆ ಆಗುವ ಕಷ್ಟ ದೊಡ್ಡದೋ ಎಂಬುದನ್ನು ನ್ಯಾಯಾಲಯ ತೂಗಿ ನೋಡಬೇಕಿತ್ತು. ಅನುಚಿತ ಬಾಡಿಗೆ ನಿಯಂತ್ರಣದ ಜೊತೆಗೆ ಈ ತೂಕವೂ ಬಹುತೇಕ ಅಂಗಡಿಗಳ ಪಾಲಿಗೆ ಹೊರಟುಹೋಯಿತು.

ಮಳಿಗೆ ಬಿಟ್ಟಾಗ ವ್ಯಾಪಾರಿ ಕಳೆದುಕೊಳ್ಳುವುದು ನಾಲ್ಕು ಗೋಡೆಯನ್ನಲ್ಲ. ಉದ್ರಿ ಪುಸ್ತಕದಲ್ಲಿರುವ ಬಾಕಿ, ಅಂದರೆ ಸುತ್ತಲ ಹಳ್ಳಿಗಳ ರೈತರು ಶೇಂಗಾ, ಅಡಿಕೆ ಅಥವಾ ತೆಂಗಿನ ಹಣ ಬಂದಾಗ ತೀರಿಸುವ ಸಾಲ, ಅಂಗಡಿ ಅದೇ ಜಾಗದಲ್ಲಿ ಇದೆಯೆಂಬ ನಂಬಿಕೆಯ ಮೇಲೆಯೇ ವಸೂಲಾಗುತ್ತದೆ. ಜಾಗ ಬದಲಾದ ವರ್ಷ ಅದರಲ್ಲಿ ಎಷ್ಟೋ ಮುಳುಗುತ್ತದೆ. ಉದ್ದಿಮೆ ಪರವಾನಗಿ, ಜಿಎಸ್‌ಟಿ ನೋಂದಣಿ, ಆಹಾರ ಸುರಕ್ಷತಾ ಪರವಾನಗಿಗಳೆಲ್ಲ ಮಳಿಗೆಯ ವಿಳಾಸಕ್ಕೆ ಕಟ್ಟಿಕೊಂಡಿರುವುದರಿಂದ ಅವನ್ನು ಹೊಸದಾಗಿ ಮಾಡಿಸಬೇಕು ಇಲ್ಲವೇ ತಿದ್ದಿಸಬೇಕು. ಒಳಗೆ ಬರುವಾಗ ಹಿಂದಿನ ಬಾಡಿಗೆದಾರನಿಗೆ ಗುಡ್‌ವಿಲ್ ಎಂದು ಕೊಟ್ಟ ಹಣಕ್ಕೆ ರಸೀದಿ ಇರುವುದು ಅಪರೂಪ, ಹೊರಡುವಾಗ ಅದನ್ನು ಕೇಳಲು ದಾರಿಯೂ ಇರುವುದಿಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ ಮಾಲೀಕರೊಂದಿಗಿನ ವ್ಯಾಜ್ಯದ ಕೊನೆಗೆ 2009ರಲ್ಲಿ ಬಾಗಿಲು ಮುಚ್ಚಬೇಕಾಗಿ ಬಂದಾಗ, 1957ರಲ್ಲಿ ಹುಟ್ಟಿದ ಕಾಫಿ ಕೆಲಸಗಾರರ ಸಹಕಾರ ಸಂಘ ಬೆನ್ನಿಗಿತ್ತು, ನಗರವೆಲ್ಲ ಬಲ್ಲ ಹೆಸರಿತ್ತು. ಆದ್ದರಿಂದ ಅದು ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆಯಿತು. ಹೊಸದುರ್ಗದ ಒಬ್ಬ ಟೈಲರಿಗೆ ಸಂಘದ ಬಲವೂ ಇಲ್ಲ, ಅಷ್ಟು ದೂರ ಹರಡಿದ ಹೆಸರೂ ಇಲ್ಲ.

ಬೇರೆ ದೇಶಗಳು ಈ ನಷ್ಟವನ್ನು ಕಾನೂನಿನಲ್ಲಿಯೇ ಗುರುತಿಸಿವೆ. ಇಂಗ್ಲೆಂಡಿನಲ್ಲಿ 1954ರ ಕಾಯ್ದೆಯಂತೆ, ಕರಾರಿನಲ್ಲಿ ವಿಧಿಬದ್ಧವಾಗಿ ಕೈಬಿಡದಿದ್ದರೆ, ವ್ಯಾಪಾರದ ಬಾಡಿಗೆದಾರನಿಗೆ ನವೀಕರಣದ ಹಕ್ಕು ಇರುತ್ತದೆ. ಸ್ವಂತ ಬಳಕೆಗೆಂದೋ ಕಟ್ಟಡ ಕೆಡವಿ ಕಟ್ಟಲೆಂದೋ ಮಾಲೀಕರು ನಿರಾಕರಿಸಿದರೆ ಪರಿಹಾರ ಕೊಡಬೇಕು, 14 ವರ್ಷ ಅಲ್ಲೇ ವ್ಯಾಪಾರ ನಡೆದಿದ್ದರೆ ಅದು ಇಮ್ಮಡಿಯಾಗುತ್ತದೆ. ದಕ್ಷಿಣ ಕೊರಿಯಾ ಇನ್ನೂ ಹತ್ತಿರದ ಉದಾಹರಣೆ, ಏಕೆಂದರೆ ಅಲ್ಲಿಯೂ ಬಾಡಿಗೆದಾರರ ನಡುವೆ ಗುಡ್‌ವಿಲ್ ಹಣ ಕೈ ಬದಲಾಗುತ್ತದೆ: 2015ರ ತಿದ್ದುಪಡಿ, ಹೊರಡುವವನು ಬರುವವನಿಂದ ಆ ಹಣ ಪಡೆಯುವುದಕ್ಕೆ ಮಾಲೀಕರು ಅಡ್ಡಿಪಡಿಸಬಾರದೆಂದಿತು; 2018ರ ತಿದ್ದುಪಡಿ ನವೀಕರಣ ಕೇಳಬಹುದಾದ ಒಟ್ಟು ಅವಧಿಯನ್ನು 5 ವರ್ಷದಿಂದ 10 ವರ್ಷಕ್ಕೆ ಏರಿಸಿತು. ಭಾರತದಲ್ಲಿಯೇ 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ತಳ್ಳುಗಾಡಿಯವರನ್ನು ತೆರವುಗೊಳಿಸುವ ಮೊದಲು 30 ದಿನದ ನೋಟಿಸು ಕೊಡಬೇಕೆನ್ನುತ್ತದೆ. ಅದು ದೀರ್ಘ ಹೋರಾಟದಿಂದ ಬಂದ ಒಳ್ಳೆಯ ಕಾನೂನು. ಅಂಗಡಿಯ ಮುಂದೆ ನಿಂತ ಗಾಡಿಗೆ ಸಿಕ್ಕ ಅವಧಿಯ ಅರ್ಧದಷ್ಟನ್ನು ಮಾತ್ರ ಅಂಗಡಿಯೊಳಗಿನವನಿಗೆ ಕೊಡುವುದನ್ನು ಸಮರ್ಥಿಸಲು ಸಾಧ್ಯವಿಲ್ಲ.

ನಗರಸಭೆ, ಪುರಸಭೆಗಳ ಮಳಿಗೆಗಳ ಮಾತು ಬೇರೆ. ಅಲ್ಲಿ 1974ರ ಸಾರ್ವಜನಿಕ ಆವರಣಗಳ ತೆರವು ಕಾಯ್ದೆ ನಡೆಯುತ್ತದೆ: ಸಕ್ಷಮ ಅಧಿಕಾರಿ ಕಾರಣ ಕೇಳುವ ನೋಟಿಸು ಕೊಟ್ಟು ಆದೇಶ ಮಾಡುತ್ತಾರೆ, ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಸಾರ್ವಜನಿಕ ಆಸ್ತಿಯನ್ನು ಬಹಿರಂಗ ಹರಾಜಿನಲ್ಲಿ ಕೊಡಬೇಕೆಂಬ ತತ್ವ ಸರಿಯಾದದ್ದರಿಂದ, ಹಳೆಯ ಬಾಡಿಗೆದಾರರು ಅಲ್ಲಿ ಶಾಶ್ವತ ಹಕ್ಕು ಕೇಳುವುದು ಒಪ್ಪತಕ್ಕದ್ದಲ್ಲ.

ಖಾಸಗಿ ಮಳಿಗೆಗಳಿಗೆ ಬೇಕಾದದ್ದು ಹಳೆಯ ನಿಯಂತ್ರಣದ ಮರಳಿಕೆಯಲ್ಲ. ಐದು ವರ್ಷಕ್ಕೂ ಮೇಲ್ಪಟ್ಟು ಒಂದೇ ಜಾಗದಲ್ಲಿ ನಡೆದ ಅಂಗಡಿಗೆ ಆರು ತಿಂಗಳ ನೋಟಿಸು, ಬಾಡಿಗೆದಾರನ ತಪ್ಪಿಲ್ಲದ ತೆರವಿಗೆ ಕೆಲವು ತಿಂಗಳ ಬಾಡಿಗೆಯಷ್ಟು ಪರಿಹಾರ, ಸಣ್ಣ ಮಳಿಗೆಯ ಮೂರರಿಂದ ಒಂಬತ್ತು ವರ್ಷದ ಕರಾರಿಗೆ ಹೆಸರಿಗಷ್ಟೇ ಎನ್ನುವಂತಹ ನೋಂದಣಿ ಶುಲ್ಕ, ಇಷ್ಟನ್ನು ವಿಧಾನಮಂಡಲ 1999ರ ಕಾಯ್ದೆಗೆ ಸೇರಿಸಿದರೆ ಸಾಕು. ಬಾಡಿಗೆಯ ದರ ಮಾರುಕಟ್ಟೆಗೇ ಇರಲಿ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವ್ಯಾಪಾರ ಮಳಿಗೆಯ ಮುಂಗಡವನ್ನು ಆರು ತಿಂಗಳ ಬಾಡಿಗೆಗೆ ಮಿತಗೊಳಿಸಿರುವುದು ಉಪಯುಕ್ತವಾದರೂ, ಅವಧಿ ಮುಗಿದ ಮೇಲೂ ಉಳಿದವನಿಂದ ಮೊದಲ ಎರಡು ತಿಂಗಳು ಇಮ್ಮಡಿ, ನಂತರ ನಾಲ್ಕು ಪಟ್ಟು ಬಾಡಿಗೆ ವಸೂಲಿಗೆ ಅದು ಅವಕಾಶ ಕೊಡುವುದರಿಂದ, ಪರಿಹಾರದ ಮಾತಿಲ್ಲದೆ ಅದನ್ನಷ್ಟೇ ತಂದರೆ ಸಣ್ಣ ವ್ಯಾಪಾರಿಯ ಸ್ಥಿತಿ ಇನ್ನೂ ಬಿಗಡಾಯಿಸೀತು.

ಶಾಸನ ಬದಲಾಗುವವರೆಗೆ ವರ್ತಕರು ತಮ್ಮ ಕೈಲಾದದ್ದನ್ನು ಮಾಡಿಕೊಳ್ಳಬೇಕು. ಮುಂದಿನ ಕರಾರನ್ನು 11 ತಿಂಗಳಿಗೆ ಬದಲು ವರ್ಷಗಳ ಲೆಕ್ಕದಲ್ಲಿ ಬರೆದು ನೋಂದಾಯಿಸಬೇಕು, ನೋಟಿಸಿನ ಅವಧಿಯನ್ನು ಪತ್ರದಲ್ಲೇ ನಮೂದಿಸಬೇಕು, ಮುಂಗಡವನ್ನೂ ಬಾಡಿಗೆಯನ್ನೂ ಬ್ಯಾಂಕಿನ ಮೂಲಕವೇ ಕೊಡಬೇಕು. ನ್ಯಾಯಾಲಯದ ಆದೇಶವಿಲ್ಲದೆ ಯಾರಾದರೂ ಶಟರಿಗೆ ಬೀಗ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ನೋಟಿಸು ಕೈಗೆ ಬಂದ ದಿನವೇ ಮಾಲೀಕರೂ ಬಾಡಿಗೆದಾರರೂ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ದಾವೆಗೆ ಮುಂಚಿನ ರಾಜಿಗೆ ಕೂರಲಿ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ, ಶುಲ್ಕವೂ ಇಲ್ಲ.