ಶರೀಫರ ಸೀಮೆಯಲ್ಲಿ ಸಿಟ್ಟೇಕೆ?

ಹಾನಗಲ್ ಬಸ್ ನಿಲ್ದಾಣ. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ಲು, ಕರ್ಚೀಫು ಸೀಟಿನ ಮೇಲೆ ಬೀಳುತ್ತವೆ. ಹಿಂದೆಯೇ ಜಗಳ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಅವರ ಓಡಾಟ ಹೆಚ್ಚಿದೆ, ಅದು ಒಳ್ಳೆಯದೇ. ಕೊರತೆ ಬಸ್ಸುಗಳದ್ದು, ಬೈಗುಳ ಮಾತ್ರ ಕಂಡಕ್ಟರಿಗೆ, ಪಕ್ಕದವರಿಗೆ.

ಇದೇ ಸೀಮೆಯ ಶಿಗ್ಗಾವಿ ತಾಲ್ಲೂಕಿನವರು ಶಿಶುನಾಳ ಶರೀಫರು (1819–1889). ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರು ಮುಸ್ಲಿಂ ಹುಡುಗನನ್ನು ಶಿಷ್ಯನೆಂದು ಒಪ್ಪಿದಾಗ ಎರಡೂ ಕಡೆಯವರು ಆಡಿಕೊಂಡರಂತೆ. ಗುರು ಕೈಬಿಡಲಿಲ್ಲ, ಶಿಷ್ಯ ಹಾಡು ಕಟ್ಟುತ್ತಲೇ ಹೋದರು.

ಅಷ್ಟು ದೊಡ್ಡ ತಾಳ್ಮೆಯನ್ನು ಯಾರೂ ಕೇಳುತ್ತಿಲ್ಲ. ಹೆಚ್ಚು ಬಸ್ಸು ಬಿಡಿರೆಂದು ಡಿಪೊಗೆ ಅರ್ಜಿ ಕೊಡಿ, ಒತ್ತಾಯವನ್ನೂ ಮಾಡಿ. ಅಲ್ಲಿಯವರೆಗೆ ಕೂಸು ಎತ್ತಿಕೊಂಡು ನಿಂತವಳಿಗೆ ಜಾಗ ಕೊಡಿ. ಚಿಲ್ಲರೆಗಾಗಿ ಕಿಸೆ ತಡಕಾಡುವ ಅಜ್ಜನನ್ನು ಗದರಿಸಬೇಡಿ.